ದಂಡಿನ ಕುಸಿನಿಯಲ್ಲಿ ಒಂದು ದಿನ: ಕಾಕ್ಸ್ ಟೌನಿನ ಮನೆಯೊಂದರ ಬೇಕಿಂಗ್ ತರಗತಿ

ಬೆಂಗಳೂರಿನ ಕಾಕ್ಸ್ ಟೌನಿನಲ್ಲಿ, ಹೆಂಚಿನ ಮಾಡಿನ ಹಳೆಯ ಮನೆಯೊಂದರಲ್ಲಿ, ವರ್ಷಕ್ಕೆ ಎರಡು ಸಲ ಬ್ರಿಟಿಷರ ಕಾಲದ ದಂಡು ಪ್ರದೇಶದ ಅಡುಗೆಯನ್ನೂ ಬೇಕಿಂಗನ್ನೂ ಹೇಳಿಕೊಡುವ ಒಂದು ದಿನದ ತರಗತಿ ನಡೆಯುತ್ತದೆ. ಕ್ರಿಸ್‌ಮಸ್ಸಿಗೆ ಮುಂಚೆ ಒಂದು ತಂಡ, ಈಸ್ಟರಿಗೆ ಮುಂಚೆ ಇನ್ನೊಂದು. ಹೇಳಿಕೊಡುವವರು ಎಪ್ಪತ್ತು ದಾಟಿದ ಆಂಗ್ಲೋ ಇಂಡಿಯನ್ ಮಹಿಳೆ. ಹುಟ್ಟಿ ಬೆಳೆದದ್ದು ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫಿನಲ್ಲಿ, ಮದುವೆಯಾಗಿ ಬಂದದ್ದು ಬೆಂಗಳೂರಿಗೆ. ಎಲ್ಲರೂ ಅವರನ್ನು ಆಂಟಿ ಎಂದೇ ಕರೆಯುತ್ತಾರೆ. ಮನೆಯ ಮುಂದೆ ಹಲಗೆಯಿಲ್ಲ, ತರಗತಿಗೆ ಹೆಸರಿಲ್ಲ, ಪ್ರಚಾರ ಬೇಡವೆಂದು ಅವರೇ ಹೇಳಿದ್ದರಿಂದ ನಾನೂ ಇಲ್ಲಿ ಹೆಸರು ಬರೆಯುತ್ತಿಲ್ಲ. ಕಳೆದ ನವೆಂಬರಿನ ಕೊನೆಯ ಭಾನುವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ ನಾವು ಆರು ಜನ ಅಲ್ಲಿ ಕಲಿತೆವು. ಶುಲ್ಕ 2,500 ರೂಪಾಯಿ. ಅದರಲ್ಲಿ ಮಧ್ಯಾಹ್ನದ ಊಟ ಸೇರಿದೆ, ಹೊರಡುವಾಗ ಅರ್ಧ ಕಿಲೋ ಪ್ಲಮ್ ಕೇಕನ್ನೂ ಕೈಗೆ ಕೊಡುತ್ತಾರೆ.

ಈ ತರಗತಿಗೆ ಹೋಗಲು ನನಗೆ ಸ್ವಂತದ ಕಾರಣವೊಂದಿತ್ತು. ನಮ್ಮ ತಾತ ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಬಂಗಲೆಯಲ್ಲಿ ಕುಸಿನಿ ಕೆಲಸಕ್ಕಿದ್ದವರು. ಮಂಜರಾಬಾದ್ ಸೀಮೆಯಲ್ಲಿ 19ನೇ ಶತಮಾನದ ಮಧ್ಯಭಾಗದಿಂದ ಇಂಗ್ಲಿಷ್ ತೋಟಗಾರರು ನೆಲೆಸಿದಾಗ, ಅವರ ಬಂಗಲೆಗಳ ಅಡುಗೆಮನೆಗೆ ನಮ್ಮ ಜನ ಕರೆದ ಹೆಸರು ಕುಸಿನಿ, ಪೋರ್ಚುಗೀಸರ ಬಾಯಿಂದ ಕರಾವಳಿ ದಾಟಿ ಬಂದ ಮಾತು. ತಾತ ದೊರೆಗಳಿಗಾಗಿ ಬ್ರೆಡ್ಡು, ಕಸ್ಟರ್ಡು, ಕೇಕು ಎಲ್ಲವನ್ನೂ ಮಾಡುತ್ತಿದ್ದರೆಂದು, ಓವನ್ ಇಲ್ಲದಿದ್ದರೂ ಮೇಲೂ ಕೆಳಗೂ ಕೆಂಡವಿಟ್ಟು ಕೇಕು ಬೇಯಿಸುತ್ತಿದ್ದರೆಂದು ಅಮ್ಮ ಹೇಳುವುದನ್ನು ಕೇಳಿದ್ದೆ. ಅವರು ಒಂದನ್ನೂ ಬರೆದಿಡಲಿಲ್ಲ. ನಾನು ಮನೆಯಲ್ಲಿ ಎರಡು ಸಲ ಪ್ಲಮ್ ಕೇಕ್ ಮಾಡಿ, ಎರಡು ಸಲವೂ ಒಣಹಣ್ಣೆಲ್ಲ ತಳ ಸೇರಿ ಸೋತಿದ್ದೆ. ಒಂದು ವರ್ಷದ ಹಿಂದೆ ದುಬಾರಿ ಹಣ ಕೊಟ್ಟು ನಗರದ ಬೇಕಿಂಗ್ ಶಾಲೆಯೊಂದಕ್ಕೂ ಸೇರಿದ್ದೆ. ಅಲ್ಲಿ ಸಿದ್ಧ ಮಿಶ್ರಣದ ಪೊಟ್ಟಣ ಒಡೆದು, ನೀರು ಎಣ್ಣೆ ಸುರಿದು, ಯಂತ್ರದಲ್ಲಿ ತಿರುಗಿಸಿ, ಮೂರು ಗಂಟೆಯಲ್ಲಿ ಪ್ರಮಾಣಪತ್ರ ಕೊಟ್ಟು ಕಳುಹಿಸಿದರು. ಹಣ್ಣು ಏಕೆ ಮುಳುಗುತ್ತದೆ ಎಂಬ ನನ್ನ ಪ್ರಶ್ನೆಗೆ ಅಲ್ಲಿ ಯಾರೂ ಉತ್ತರ ಹೇಳಲಿಲ್ಲ.

ಆಂಟಿಯ ತರಗತಿಯ ದೊಡ್ಡ ಗುಣ ಇದೇ: ಅಲ್ಲಿ ಪ್ರತಿಯೊಂದು ಕೆಲಸಕ್ಕೂ ಕಾರಣ ಹೇಳುತ್ತಾರೆ, ಕಾರಣ ಹೇಳಿದ ಮೇಲೆ ಕೈಯಿಂದ ಮಾಡಿಸುತ್ತಾರೆ.

ಮೊದಲ ಅರ್ಧ ಗಂಟೆ ಮಾತು. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿನಲ್ಲಿ ಬೀಡುಬಿಟ್ಟ ಮೇಲೆ ಅದರ ಜೊತೆಗೆ ಬಂದ ಅಡುಗೆಯವರಲ್ಲಿ ಹೆಚ್ಚಿನವರು ತಮಿಳು ಸೀಮೆಯವರು. ಅವರಿಗೆ ಗೊತ್ತಿದ್ದ ಮಸಾಲೆ, ದೊರೆಸಾನಿ ಬಾಯಲ್ಲಿ ಹೇಳಿದ ವಿಧಾನ ಮತ್ತು ಪೇಟೆಯಲ್ಲಿ ಸಿಕ್ಕುತ್ತಿದ್ದ ಸಾಮಾನು, ಈ ಮೂರೂ ಕೂಡಿ ಹುಟ್ಟಿದ ಅಡುಗೆಯನ್ನು ಇಂಗ್ಲೆಂಡಿನ ಅಡುಗೆ ಎಂದು ಕರೆಯುವುದು ತಪ್ಪು ಎಂದು ಆಂಟಿ ಖಚಿತವಾಗಿ ಹೇಳಿದರು, ನನಗೂ ಅದು ಸರಿ ಎನಿಸಿತು. ಪೊಟ್ಟಣದ ಯೀಸ್ಟ್ ಇಲ್ಲದ ಕಾಲದಲ್ಲಿ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸಿದ್ದು ಈಚಲು, ತೆಂಗಿನ ಸೇಂದಿ. ಮಂಗಳೂರಿನ ಕಡೆ ಸನ್ನಗಳನ್ನು ಸೇಂದಿ ಹಾಕಿ ಹುದುಗಿಸುವುದನ್ನು ಬಲ್ಲವರಿಗೆ ಇದು ಹೊಸದೇನಲ್ಲ. ನಮ್ಮ ಸೀಮೆಬದನೆಯ ಹೆಸರಿನಲ್ಲೇ ಪರದೇಶದ ಗುರುತಿದೆ. ಆ ತರಕಾರಿ ಬೆಂಗಳೂರಿನಲ್ಲಿ ಎಷ್ಟು ಬೇರು ಬಿಟ್ಟಿತೆಂದರೆ ತಮಿಳುನಾಡಿನವರು ಅದನ್ನು ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣೇ ಇಲ್ಲವಲ್ಲ ಎಂದು ಒಬ್ಬರು ಕೇಳಿದಾಗ, ಹಿಂದೆ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೂ ಅದೇ ಹೆಸರಿತ್ತೆಂದು ವಿವರಿಸಿದರು. ಟುಟಿ ಫ್ರೂಟಿ ಎಂಬುದು ಹಸಿ ಪಪ್ಪಾಯಿ ಎಂದೂ, ಅಂಗಡಿಯ ಕೆಂಪು ಚೆರ್ರಿಯಲ್ಲಿ ಬಹುಪಾಲು ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಹಾಕಿದ ಕವಳೆಕಾಯಿ ಎಂದೂ ಹೇಳಿ, ಎರಡನ್ನೂ ಪಕ್ಕಕ್ಕಿಟ್ಟರು. ಅವರ ಕೇಕಿಗೆ ಬೀಳುವುದು ಕಪ್ಪು ಒಣದ್ರಾಕ್ಷಿ, ಬಿಳಿ ಒಣದ್ರಾಕ್ಷಿ, ಖರ್ಜೂರ, ಬೂದುಗುಂಬಳದ ಪೇಠ, ಸಕ್ಕರೆ ಪಾಕದ ಶುಂಠಿ ಮತ್ತು ಮನೆಯಲ್ಲೇ ಪಾಕ ಮಾಡಿದ ಕಿತ್ತಳೆ ಸಿಪ್ಪೆ. ಇವೆಲ್ಲ ಅಕ್ಟೋಬರಿನಿಂದ ಜಾಡಿಯಲ್ಲಿ ರಮ್ಮಿನೊಳಗೆ ನೆನೆಯುತ್ತಿದ್ದವು. ರಮ್ ಬೇಡವೆನ್ನುವವರಿಗೆ ಕಿತ್ತಳೆ ರಸದಲ್ಲಿ ಎರಡು ದಿನ ಫ್ರಿಜ್ಜಿನಲ್ಲಿ ನೆನೆಸಿದ ಹಣ್ಣನ್ನು ಬೇರೆಯಾಗಿ ಇಟ್ಟಿದ್ದರು. ಅಂಥ ಕೇಕನ್ನು ವಾರದೊಳಗೆ ತಿಂದು ಮುಗಿಸಬೇಕೆಂಬ ಎಚ್ಚರಿಕೆಯೂ ಜೊತೆಗಿತ್ತು.

ಕೇಕಿನ ಕೆಲಸ ಸುಟ್ಟ ಸಕ್ಕರೆಯಿಂದ ಶುರುವಾಯಿತು. ದಪ್ಪ ತಳದ ಬಾಣಲೆಯಲ್ಲಿ ಬರಿ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸುತ್ತಾ ಹೋದರೆ ಅದು ಮೊದಲು ಜೇನಿನ ಬಣ್ಣ, ಆಮೇಲೆ ಬೆಲ್ಲದ ಬಣ್ಣ, ಕೊನೆಗೆ ಗಟ್ಟಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಡಿಕಾಕ್ಷನ್ನಿನ ಬಣ್ಣಕ್ಕೂ ಇದ್ದಿಲಿನ ಕಹಿಗೂ ನಡುವೆ ಇರುವುದು ಕೆಲವೇ ಕ್ಷಣ. ನಮ್ಮಲ್ಲಿ ಒಬ್ಬರು ಆ ಕ್ಷಣ ದಾಟಿಸಿಬಿಟ್ಟರು. ಆಂಟಿ ಬಾಣಲೆಯನ್ನು ಚೆಲ್ಲಲಿಲ್ಲ. ಅದರಿಂದ ಒಂದೊಂದು ತೊಟ್ಟು ಎಲ್ಲರ ನಾಲಿಗೆಗೂ ಇಟ್ಟು, ಕಹಿ ಎಂದರೆ ಏನೆಂದು ತೋರಿಸಿ, ಆಮೇಲೆ ಹೊಸದಾಗಿ ಮಾಡಿಸಿದರು. ಕುದಿಯುವ ನೀರನ್ನೇ ಹಾಕಬೇಕು, ತಣ್ಣೀರು ಹಾಕಿದರೆ ಸಕ್ಕರೆ ಕಲ್ಲಾಗುತ್ತದೆ ಎಂದರು. ಬಿಸಿನೀರು ಬಿದ್ದಾಗಲೂ ಅದು ಸಿಡಿಯುತ್ತದೆಯಾದ್ದರಿಂದ ಉದ್ದ ಹಿಡಿಯ ಸೌಟಿನಿಂದ, ಮುಖ ಹಿಂದಕ್ಕೆ ಹಿಡಿದು ಸುರಿಸಿದರು. ಕೇಕಿನ ಕಪ್ಪು ಬಣ್ಣವೂ ಆ ಆಳವಾದ ರುಚಿಯೂ ಬರುವುದು ಇದರಿಂದ, ಬಣ್ಣದ ಪುಡಿಯಿಂದಲ್ಲ.

ಅಳತೆಯ ನಿಯಮ ಬಹಳ ಸರಳ. ಬೆಣ್ಣೆ, ಸಕ್ಕರೆ, ಹಿಟ್ಟು, ಮೊಟ್ಟೆ ನಾಲ್ಕೂ ತೂಕದಲ್ಲಿ ಸಮ. ನೆನೆಸಿದ ಹಣ್ಣು ಅವುಗಳಲ್ಲಿ ಒಂದರ ಎರಡರಷ್ಟು. ಅಂದರೆ 250 ಗ್ರಾಂ ಬೆಣ್ಣೆಗೆ 250 ಗ್ರಾಂ ಸಕ್ಕರೆ, ಐದು ಮೊಟ್ಟೆ, 200 ಗ್ರಾಂ ಮೈದಾ, 50 ಗ್ರಾಂ ಸಣ್ಣ ರವೆ, ಅರ್ಧ ಕಿಲೋ ಹಣ್ಣು. ರವೆ ಇಲ್ಲಿ ದಂಡಿನ ಗುರುತು. ಅದನ್ನು ಹಿಂದಿನ ರಾತ್ರಿಯೇ ಕರಗಿದ ಬೆಣ್ಣೆಯ ಒಂದು ಪಾಲಿನಲ್ಲಿ ಕಲಸಿಟ್ಟಿದ್ದರು. ಬೆಳಿಗ್ಗೆ ಅದು ಉಬ್ಬಿ, ಬೆರಳಿಗೆ ಮೃದುವಾಗಿ, ಹರಳು ಹರಳಾಗಿ ಸಿಕ್ಕುತ್ತಿತ್ತು. ಚಕ್ಕೆ, ಲವಂಗ, ಜಾಯಿಕಾಯಿಯನ್ನು ಆಗಲೇ ಕುಟ್ಟಿ ಪುಡಿ ಮಾಡಿಸಿದರು.

ಬೆಣ್ಣೆ ಸಕ್ಕರೆಯನ್ನು ಮರದ ಸೌಟಿನಿಂದ ಕೈಯಲ್ಲೇ ತಿಕ್ಕಬೇಕು. ಅಂದು ಬೆಂಗಳೂರಿನಲ್ಲಿ ಚಳಿಯ ಬೆಳಗು, ಬೆಣ್ಣೆ ಕಲ್ಲಿನಂತಿತ್ತು. ಪಾತ್ರೆಯನ್ನು ಬೆಚ್ಚನೆಯ ನೀರಿನ ಮೇಲೆ ಒಂದು ನಿಮಿಷ ಹಿಡಿದು ತೆಗೆದು, ಅದು ಕರಗದೆ ಬರಿ ಮೆತ್ತಗಾಗುವಂತೆ ನೋಡಿಕೊಂಡರು. ಇಪ್ಪತ್ತೈದು ನಿಮಿಷ ತಿಕ್ಕಿದ ಮೇಲೆ ಹಳದಿ ಬೆಣ್ಣೆ ಬಿಳಿಚಿ, ಹೊಸದಾಗಿ ಕಡೆದು ತೆಗೆದಂತೆ ಹಗುರವಾಯಿತು. "ಗಡಿಯಾರ ನೋಡಬೇಡಿ ಮಕ್ಕಳೇ, ಬೆಣ್ಣೆ ನೋಡಿ" ಎಂಬುದು ಅವರ ಮಾತು. ಮೊಟ್ಟೆಯನ್ನು ಒಂದೊಂದಾಗಿ ಹಾಕುವಾಗ ಮಿಶ್ರಣ ಒಡೆದ ಹಾಲಿನಂತೆ ಆಗುವುದಕ್ಕೆ ಕಾರಣ ಫ್ರಿಜ್ಜಿನ ತಣ್ಣನೆಯ ಮೊಟ್ಟೆ. ಹಾಗಾದರೆ ಒಂದು ಚಮಚ ಮೈದಾ ಸೇರಿಸಿ ಸರಿಪಡಿಸಬಹುದು. ಆ ಹೊತ್ತಿಗೆ ನನ್ನ ಹಳೆಯ ಪ್ರಶ್ನೆಯನ್ನು ಕೇಳಿದೆ. ಹಣ್ಣಿಗೆ ಮೈದಾ ಸವರಿದರೆ ಮುಳುಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಸವರಿದ್ದೆ, ಆದರೂ ಮುಳುಗಿತು. ಆಂಟಿ ನನ್ನ ಕೈಗೆ ಸೌಟು ಕೊಟ್ಟು ಹಿಟ್ಟನ್ನು ಎತ್ತಿ ಸುರಿಯಲು ಹೇಳಿದರು. ಹಿಟ್ಟು ಸುರಿಯಲಿಲ್ಲ, ಸೌಟಿಗೆ ಅಂಟಿಕೊಂಡು, ಕೊಡವಿದ ಮೇಲೆ ಮುದ್ದೆಯಾಗಿ ಬಿತ್ತು. ಹಣ್ಣನ್ನು ಹಿಡಿದಿಡುವುದು ಈ ಗಟ್ಟಿತನ, ಮೇಲೆ ಸವರಿದ ಪುಡಿಯಲ್ಲ. ನಾನು ಹಣ್ಣಿನ ಜೊತೆಗೆ ಜಾಡಿಯ ರಮ್ಮನ್ನೂ ಸುರಿದು ಹಿಟ್ಟನ್ನು ದೋಸೆ ಹಿಟ್ಟಿನ ಹದಕ್ಕೆ ಇಳಿಸಿದ್ದೆ, ಹಣ್ಣನ್ನೂ ದೊಡ್ಡದಾಗಿ ಹೆಚ್ಚಿದ್ದೆ. ಎರಡು ವರ್ಷದ ತೊಡಕು ಎರಡು ನಿಮಿಷದಲ್ಲಿ ಬಿಡಿಸಿತು. ಶುಲ್ಕದ ಹಣ ನನಗೆ ಅಲ್ಲಿಗೇ ಸಂದಿತ್ತು.

ಬೇಯಿಸಲು ಅವರು ಬಳಸುವುದು ಮುಚ್ಚಳದಲ್ಲಿ ಗಾಜಿನ ಕಿಂಡಿಯಿರುವ ದುಂಡನೆಯ ಅಲ್ಯೂಮಿನಿಯಂ ವಿದ್ಯುತ್ ಓವನ್. ಆದರೆ ನಾನು ಕಾದಿದ್ದ ಭಾಗ ಹಿತ್ತಿಲಿನಲ್ಲಿತ್ತು. ಚಿನ್ನದ ಗಣಿಗೆ ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ತಲುಪಿದ್ದರೂ, ಆಂಟಿಯ ಬಾಲ್ಯದ ಮನೆಯಲ್ಲಿ ಅಡುಗೆ ನಡೆಯುತ್ತಿದ್ದುದು ಸೌದೆ ಮತ್ತು ಇದ್ದಿಲಿನ ಮೇಲೆ. ದೊಡ್ಡ ಹಬ್ಬಕ್ಕೆ ಕೇಕಿನ ಹಿಟ್ಟನ್ನು ಡಬ್ಬಗಳಲ್ಲಿ ತುಂಬಿ, ಹೆಸರು ಬರೆದ ಚೀಟಿ ಅಂಟಿಸಿ, ಹತ್ತಿರದ ಬೇಕರಿಯ ಸೌದೆ ಒಲೆಗೆ ಒಯ್ಯುತ್ತಿದ್ದರು; ಸಣ್ಣ ಕೇಕಾದರೆ ಮನೆಯಲ್ಲೇ ಕೆಂಡದಲ್ಲಿ. ಆ ಕೆಂಡದ ವಿಧಾನವನ್ನು ಅವರು ಇಟ್ಟಿಗೆ ಒಲೆಯ ಮೇಲೆ ಮಾಡಿ ತೋರಿಸಿದರು. ದಪ್ಪ ದಬರಿಯ ತಳಕ್ಕೆ ಎರಡು ಬೆರಳು ಮರಳು, ಅದರ ಮೇಲೆ ಕಬ್ಬಿಣದ ಬಳೆ, ಬಳೆಯ ಮೇಲೆ ಕೇಕಿನ ತಟ್ಟೆ, ಬಾಯಿಗೆ ಅಂಚುಳ್ಳ ಚಪ್ಪಟೆ ಕಬ್ಬಿಣದ ಮುಚ್ಚಳ. ಕೆಂಡದಲ್ಲಿ ಒಂದು ಪಾಲು ಕೆಳಗೆ, ಎರಡು ಪಾಲು ಮುಚ್ಚಳದ ಮೇಲೆ. ಕೆಳಗಿನ ಕೆಂಡದ ಬಿಸಿ ನೇರವಾಗಿ ತಳಕ್ಕೆ ತಾಗಿ ಸೀಯಿಸುತ್ತದೆ, ಮೇಲಿನದರ ಬಿಸಿಯಲ್ಲಿ ಹೆಚ್ಚು ಪಾಲು ಗಾಳಿಗೆ ಹೋಗುತ್ತದೆ, ಆದ್ದರಿಂದ ಈ ಲೆಕ್ಕ. ಒಳಗಿನ ಕಾವು ನೋಡಲು ಬಿಳಿ ಕಾಗದದ ಚೂರೊಂದನ್ನು ಖಾಲಿ ದಬರಿಯಲ್ಲಿಟ್ಟು ಮುಚ್ಚಿದರು. ಕೆಲವು ನಿಮಿಷದ ಮೇಲೆ ತೆಗೆದಾಗ ಅದು ಒಣಹುಲ್ಲಿನ ಬಣ್ಣಕ್ಕೆ ಬಂದಿತ್ತು. ಕಂದಾಗಿದ್ದರೆ ಕೆಂಡ ತೆಗೆಯಬೇಕು, ಬಿಳಿಯಾಗಿಯೇ ಉಳಿದಿದ್ದರೆ ಸೇರಿಸಬೇಕು. ಕೇಕು ನೋಡಲು ಮುಚ್ಚಳ ಎತ್ತುವ ಹೊತ್ತಿನಲ್ಲಿ ಅವರು ಎರಡು ಇಕ್ಕಳ ಹಿಡಿದು, ಉಸಿರು ಬಿಗಿಹಿಡಿದು, ಒಂದು ಚಿಟಿಕೆ ಬೂದಿಯೂ ಒಳಗೆ ಬೀಳದಂತೆ ಮುಚ್ಚಳವನ್ನು ಸಮವಾಗಿ ಪಕ್ಕಕ್ಕೆ ಸರಿಸಿದರು. ನಮ್ಮ ತಾತ ದಿನವೂ ಮಾಡುತ್ತಿದ್ದ ಕೆಲಸವನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಆ ಸಣ್ಣ ಕೇಕಿನ ಮೇಲ್ಮೈಯಲ್ಲಿ ತೆಳುವಾದ, ಗರಿಗರಿಯಾದ ಪದರವಿತ್ತು, ತುಸು ಹೊಗೆಯ ಪರಿಮಳವಿತ್ತು. ಓವನ್ನಿನ ಕೇಕಿನಲ್ಲಿ ಇವೆರಡೂ ಇರಲಿಲ್ಲ.

ಊಟಕ್ಕೆ ಹಳದಿ ಅನ್ನ, ಬಾಲ್ ಕರಿ, ಡೆವಿಲ್ ಚಟ್ನಿ, ಪೆಪ್ಪರ್ ವಾಟರ್. ಕೈಮ ಉಂಡೆ ತಿಂದು ಬೆಳೆದವರಿಗೆ ಬಾಲ್ ಕರಿ ಹತ್ತಿರದ ನೆಂಟ. ತೆಂಗಿನ ಹಾಲು ಹೆಚ್ಚು, ಖಾರ ಕಡಿಮೆ. ಅರಿಸಿನ ಮತ್ತು ತೆಂಗಿನ ಹಾಲಿನಲ್ಲಿ ಬೆಂದ ಅನ್ನದ ಜೊತೆ ಅದು ಸೊಗಸಾಗಿತ್ತು. ಪೆಪ್ಪರ್ ವಾಟರ್ ಎಂಬುದು ನಮ್ಮ ಮೆಣಸಿನ ಸಾರಿನ ಬಳಗಕ್ಕೆ ಸೇರಿದ್ದು. ತಮಿಳಿನ ಮಿಳಗು ತಣ್ಣೀರ್ ಎಂಬ ಮಾತೇ ದೊರೆಗಳ ಬಾಯಲ್ಲಿ ಮಲ್ಲಿಗಟಾನಿ ಸೂಪಾಗಿ ಬೇಳೆ, ಮಾಂಸ ಸೇರಿಕೊಂಡು ದಪ್ಪವಾಯಿತು. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಮಾತ್ರ ಅದು ತಿಳಿಸಾರಾಗಿಯೇ ಉಳಿದು, ಅನ್ನ ಮತ್ತು ಒಣ ಮಾಂಸದ ಪಲ್ಯದ ಜೊತೆಗೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದದ್ದು ಡೆವಿಲ್ ಚಟ್ನಿ. ಹಸಿ ಈರುಳ್ಳಿ, ಕೆಂಪು ಮೆಣಸಿನಕಾಯಿ, ಒಣದ್ರಾಕ್ಷಿ, ಸಕ್ಕರೆ, ವಿನೆಗರ್, ಉಪ್ಪು ಇಷ್ಟನ್ನೇ ನುಣ್ಣಗೆ ರುಬ್ಬಿದ ಕಡುಕೆಂಪು ಚಟ್ನಿ, ಬೇಯಿಸುವುದಿಲ್ಲ, ಒಗ್ಗರಣೆಯಿಲ್ಲ. ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಈರುಳ್ಳಿಯ ಹಸಿ ಘಾಟು ಮೂಗಿಗೇರುತ್ತದೆ. ತೆಂಗಿನ ಹಾಲಿನ ಅನ್ನ ಸಪ್ಪೆಯೆನಿಸದಂತೆ ಕಾಯುವುದು ಈ ಚಟ್ನಿಯೇ. ಸಸ್ಯಾಹಾರಿಗಳಿಬ್ಬರಿಗೆ ಸೀಮೆಬದನೆಯ ಸ್ಟ್ಯೂ ಒಂದನ್ನು ಮಾಡಿದ್ದರು. ಅದು ನೀರುನೀರಾಗಿದ್ದು, ಉಳಿದ ಅಡುಗೆಯ ಮುಂದೆ ಕಳೆಗುಂದಿತ್ತು. ಅಷ್ಟೇ ಶುಲ್ಕ ಕೊಟ್ಟವರಿಗೆ ಇನ್ನೊಂದು ಬಗೆ ಮಾಡಬಹುದಿತ್ತು.

ಮಧ್ಯಾಹ್ನದ ಮೇಲೆ ಕಲ್‌ಕಲ್ ಮತ್ತು ರೋಸ್ ಕುಕ್ಕೀಸ್. ಮಂಗಳೂರು ಕ್ರೈಸ್ತರ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯಲ್ಲಿ ಕಿಡಿಯೊ ಎಂದು ಕಾಣಿಸುವುದೇ ಇಲ್ಲಿ ಕಲ್‌ಕಲ್: ಮೈದಾ, ಮೊಟ್ಟೆ, ತೆಂಗಿನ ಹಾಲಿನ ಹಿಟ್ಟಿನ ಗೋಲಿಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತಿ, ಕರಿದು, ಪಾಕದಲ್ಲಿ ಹೊರಳಿಸಿದ್ದು. ಇದು ಸುಲಭ, ಬೇಗ ಮುಗಿಯಿತು. ರೋಸ್ ಕುಕ್ಕೀಸ್ ಹಾಗಲ್ಲ. ಅದರ ಹೂವಿನಾಕಾರದ ಕಬ್ಬಿಣದ ಅಚ್ಚನ್ನು ಹಿಂದಿನ ರಾತ್ರಿಯಿಂದ ಎಣ್ಣೆಯಲ್ಲಿ ಮುಳುಗಿಸಿಟ್ಟಿರಬೇಕು, ಕಾದ ಎಣ್ಣೆಯಲ್ಲಿ ಬಿಸಿ ಮಾಡಬೇಕು, ಆಮೇಲೆ ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಅಚ್ಚಿನ ತಲೆಯ ಮೇಲೆ ಹಿಟ್ಟು ಹತ್ತಿದರೆ ಹೂವು ಬಿಟ್ಟುಕೊಳ್ಳುವುದೇ ಇಲ್ಲ. ಅಚ್ಚು ಸಾಕಷ್ಟು ಕಾಯದಿದ್ದರೆ ಹಿಟ್ಟು ಅಂಟುವುದಿಲ್ಲ, ತೀರಾ ಕಾದರೆ ಅದ್ದಿದ ಕೂಡಲೇ ಚುರ್ ಎಂದು ಬೆಂದು ಹಿಟ್ಟಿನ ಪಾತ್ರೆಯಲ್ಲೇ ಕಳಚಿಕೊಳ್ಳುತ್ತದೆ. ನನ್ನ ಮೊದಲ ನಾಲ್ಕು ಹೂಗಳು ಮುರಿದವು, ಐದನೆಯದು ಎಣ್ಣೆಯಲ್ಲಿ ಮೆಲ್ಲಗೆ ಅಚ್ಚಿನಿಂದ ಜಾರಿ ತೇಲಿತು.

ಈಗ ಕೊರತೆಗಳ ಮಾತು. ಆರು ಜನರಿಗೆ ಒಂದೇ ಎಣ್ಣೆ ಬಾಣಲೆ, ಎರಡೇ ಅಚ್ಚು; ಕೊನೆಗೆ ನಿಂತ ಇಬ್ಬರಿಗೆ ಒಂದೊಂದು ಹೂವು ಕರಿಯುವಷ್ಟೇ ಹೊತ್ತು ಸಿಕ್ಕಿತು. ನಾಲ್ಕು ಜನರಿಗಿಂತ ಹೆಚ್ಚು ಸೇರಿಸಿಕೊಳ್ಳಬಾರದು. ದೊಡ್ಡ ಕೇಕು ಬೇಯಲು ಎರಡು ಗಂಟೆ, ತಣಿಯಲು ಇನ್ನಷ್ಟು ಹೊತ್ತು ಬೇಕಾದ್ದರಿಂದ ಮನೆಗೆ ಕೊಡುವ ಕೇಕು ನಾವು ಮಾಡಿದ್ದಲ್ಲ, ಅವರು ಮೊದಲೇ ಮಾಡಿಟ್ಟದ್ದು. ಅದು ರುಚಿಯಲ್ಲಿ ಒಂದು ಕೈ ಮೇಲೇ ಇತ್ತು, ಆದರೂ ಈ ಸಂಗತಿಯನ್ನು ಹಣ ಪಡೆಯುವಾಗಲೇ ಹೇಳುವುದು ಒಳ್ಳೆಯದು. ಮೊಟ್ಟೆಯಿಲ್ಲದ ಕೇಕನ್ನು ಅವರು ಹೇಳಿಕೊಡುವುದಿಲ್ಲ.

ಇವೆಲ್ಲಕ್ಕಿಂತ ನನಗೆ ಬೇಸರವಾದದ್ದು ಕೊನೆಯಲ್ಲಿ ಕೊಟ್ಟ, ಪಾಕವಿಧಾನಗಳನ್ನು ಮುದ್ರಿಸಿದ ಹಾಳೆಗಳಿಂದ. ಆಂಟಿ ದಿನವಿಡೀ ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಬೆರೆಸಿ ಎಲ್ಲರಿಗೂ ಅರ್ಥವಾಗುವಂತೆ ಮಾತಾಡಿದರು. ಹಾಳೆಗಳು ಮಾತ್ರ ಬರಿ ಇಂಗ್ಲಿಷಿನಲ್ಲಿವೆ, ಅಳತೆಗಳು ಪೌಂಡು, ಔನ್ಸು, ಕಪ್ಪುಗಳಲ್ಲಿವೆ. ನಮ್ಮ ತಂಡದಲ್ಲಿ ಇಂಗ್ಲಿಷ್ ಓದಲು ಬಾರದ ಒಬ್ಬರು ಅಕ್ಕ ಇದ್ದರು, ಮನೆಯಿಂದಲೇ ತಿಂಡಿ ಮಾರಿ ಸಂಸಾರ ನಡೆಸುವವರು, ಆರೂ ಜನರಲ್ಲಿ ಈ ಕಲಿಕೆಯ ಅಗತ್ಯ ಅವರಿಗೇ ಹೆಚ್ಚಾಗಿತ್ತು. ಹಾಳೆಯನ್ನು ಅವರು ಮಡಚಿ ಚೀಲಕ್ಕೆ ಹಾಕಿಕೊಂಡದ್ದನ್ನು ನೋಡಿ ಮನಸ್ಸಿಗೆ ಚೆನ್ನಾಗೆನಿಸಲಿಲ್ಲ. ಆ ವಾರ ಕುಳಿತು ಒಂಬತ್ತೂ ಪಾಕವಿಧಾನಗಳನ್ನು ಗ್ರಾಂ ಲೆಕ್ಕದಲ್ಲಿ ಕನ್ನಡಕ್ಕೆ ಬರೆದು ಅವರಿಗೂ ಆಂಟಿಗೂ ಕಳುಹಿಸಿದ್ದೇನೆ. ಮುಂದಿನ ತಂಡಕ್ಕೆ ಅದನ್ನೇ ಅಚ್ಚು ಹಾಕಿಸಿ ಕೊಡುತ್ತೇನೆಂದು ಆಂಟಿ ಒಪ್ಪಿದ್ದಾರೆ. ಹೀಗೆ ಬರೆಯುವಾಗ ಇನ್ನೊಂದು ದೋಷವೂ ಸಿಕ್ಕಿತು: ಹಾಳೆಯಲ್ಲಿ ಒಂದು ಕಪ್ ಎಂದಿರುವುದು ಅವರ ಮನೆಯ ಹಳೆಯ ಎನಾಮಲ್ ಲೋಟ, ಅದು ಹಿಡಿಯುವುದು ಸುಮಾರು 200 ಮಿಲಿಲೀಟರ್. ಅಂಗಡಿಯಲ್ಲಿ ಸಿಗುವ 240 ಮಿಲಿಲೀಟರಿನ ಅಳತೆ ಕಪ್ಪಿನಿಂದ ತೆಂಗಿನ ಹಾಲು ಅಳೆದರೆ ರೋಸ್ ಕುಕ್ಕೀಸಿನ ಹಿಟ್ಟು ನೀರಾಗಿ ಅಚ್ಚಿಗೆ ಹತ್ತುವುದೇ ಇಲ್ಲ. ನಾನು ಒಂದು ಸಲ ಹಾಗೆ ಕೆಡಿಸಿಕೊಂಡ ಮೇಲೆಯೇ ಕೇಳಿ ತಿಳಿದದ್ದು.

ಕಲಿತದ್ದು ಮನೆಯಲ್ಲಿ ನಿಲ್ಲುತ್ತದೆಯೇ ಎಂಬುದೇ ಇಂಥ ತರಗತಿಯ ನಿಜವಾದ ಪರೀಕ್ಷೆ. ಡಿಸೆಂಬರಿನಲ್ಲಿ ಎರಡು ಸಲ ಮಾಡಿದೆ. ಮೊದಲನೆಯದು ನಮ್ಮ ಮನೆಯ ಸಣ್ಣ ವಿದ್ಯುತ್ ಓವನ್ನಿನಲ್ಲಿ, 150 ಡಿಗ್ರಿಯಲ್ಲಿ, ತಟ್ಟೆಯ ಸುತ್ತ ಮೂರು ಪದರ ಕಾಗದ ಸುತ್ತಿ. ಒಂದು ಗಂಟೆ ಐವತ್ತು ನಿಮಿಷಕ್ಕೆ ಕಡ್ಡಿ ಚುಚ್ಚಿದರೆ ಶುಭ್ರವಾಗಿ ಬಂತು. ಮಾರನೆಯ ದಿನ ಕತ್ತರಿಸಿದಾಗ ದ್ರಾಕ್ಷಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಹರಡಿತ್ತು. ಎರಡನೆಯದನ್ನು ಊರಿಗೆ ಹೋಗಿ ಅಮ್ಮನ ಎದುರಿಗೆ ಕೆಂಡದಲ್ಲಿ ಮಾಡಿದೆ. ಕೆಳಗಿನ ಕೆಂಡ ಹೆಚ್ಚಾಗಿ ತಳ ಅರ್ಧ ಬೆರಳಿನಷ್ಟು ಸೀದಿತು, ಅದನ್ನು ಕೊಯ್ದು ತೆಗೆದೆ. ಉಳಿದದ್ದನ್ನು ಅಮ್ಮ ಕೈಯಲ್ಲಿ ಹಿಡಿದು ಮೂಸಿ ನೋಡಿ, ತಾತನ ಅಂಗಿಗೆ ಸಂಜೆ ಹೊತ್ತು ಇದೇ ವಾಸನೆ ಇರುತ್ತಿತ್ತು ಎಂದರು.

ಈಸ್ಟರಿನ ತರಗತಿಯಲ್ಲಿ ಹಾಟ್ ಕ್ರಾಸ್ ಬನ್, ಮಾರ್ಜಿಪಾನ್ ಮೊಟ್ಟೆಗಳು ಮತ್ತು ವಿನೆಗರ್ ಬೆಳ್ಳುಳ್ಳಿಯ ಹಳೆಯ ಬಗೆಯ ವಿಂದಾಲು ಇರುತ್ತವೆಯಂತೆ. ನಾನು ಹಣ ಕಟ್ಟಿ ಬಂದಿದ್ದೇನೆ. ಹೋಗಬೇಕೆನ್ನುವವರು ಕಾಕ್ಸ್ ಟೌನಿನ ಗುರುತಿನವರಲ್ಲಿ ವಿಚಾರಿಸಿದರೆ ಮನೆ ತಿಳಿಯುತ್ತದೆ. ಹಣ ನಗದಾಗಿಯೇ ಕೊಡಬೇಕು. ಎಣ್ಣೆ ಸಿಡಿದರೂ ಚಿಂತೆಯಿಲ್ಲದ ಹತ್ತಿ ಬಟ್ಟೆ ಹಾಕಿಕೊಂಡು ಹೋಗಿ, ಗ್ರಾಂ ತೋರಿಸುವ ಸಣ್ಣ ತಕ್ಕಡಿಯೊಂದನ್ನು ಜೊತೆಗೆ ಒಯ್ಯಿರಿ, ಆಂಟಿ ಕೈಯಳತೆಯಲ್ಲಿ ಹಾಕುವುದನ್ನೆಲ್ಲ ಹಾಕುವ ಮುಂಚೆ ತೂಗಿ ಬರೆದುಕೊಳ್ಳಿರಿ. ಅವರು ಬೇಡವೆನ್ನುವುದಿಲ್ಲ.